ಮಗಳು ಗ್ರೀಕ್ ದೇವರ ಹಿಂದೆ ಬಿದ್ದಿದ್ದಾಳೆ, ಅಜ್ಜನಿಗೆ ಸಿಟ್ಟು ಬಂದಿದೆ

ಪ್ರಶ್ನೆ

ನಮ್ಮದು ಶಿರಸಿ ಹತ್ತಿರದ ಒಂದು ಹಳ್ಳಿ. ಮಗಳು ಏಳನೇ ಕ್ಲಾಸು. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಅವಳ ದೊಡ್ಡಮ್ಮನ ಮಗ ‘ಪರ್ಸಿ ಜಾಕ್ಸನ್’ ಸರಣಿಯ ಐದು ಇಂಗ್ಲಿಷ್ ಪುಸ್ತಕ ಬಿಟ್ಟುಹೋದ. ಐದನ್ನೂ ಎರಡೆರಡು ಸಲ ಓದಿದ್ದಾಳೆ. ಈಗ ಮನೆಯಲ್ಲಿ ಬರೀ ಜೀಯಸ್ಸು, ಪೊಸೈಡನ್ನು. ‘ನಾನು ಅಥೀನಾಳ ಮಗಳು’ ಅಂತ ಗೋಡೆ ಮೇಲೆ ಬರೆದುಕೊಂಡಿದ್ದಾಳೆ. ನಮ್ಮ ಮಾವನವರಿಗೆ ಸಿಟ್ಟು. ನಮ್ಮ ಕಥೆ ಬಿಟ್ಟು ಪರದೇಶದ ದೇವರ ಕಥೆ ಯಾಕೆ, ಅದೂ ದೇವರನ್ನು ಲೇವಡಿ ಮಾಡುವ ಕಥೆ ಅನ್ನುತ್ತಾರೆ. ಓದಲು ಬಿಡಬಹುದೇ? ಮುಂದೆ ಯಾವುದು ಕೊಡಲಿ? ಸಿನಿಮಾ ಚೆನ್ನಾಗಿದೆಯೇ? ಇದೇ ಥರ ನಮ್ಮ ಪುರಾಣದ ಸರಣಿಯೂ ಇದೆಯಂತೆ, ಅದು ಹೇಗೆ?

ಉತ್ತರ

ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ಪಕ್ಷಪಾತಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಮಳೆಗಾಲ ಬಂತೆಂದರೆ ತಾಳಮದ್ದಲೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಆಡುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳಲು ಹೋಗುವವನು. ಈ ಎರಡು ಹುಚ್ಚಿನ ಜೊತೆ ಮೂರನೆಯದು ಪರ್ಸಿ ಜಾಕ್ಸನ್‌ದು. ಕಾರವಾರದಲ್ಲಿ ಕೆಲಸದಲ್ಲಿದ್ದಾಗ ಒಬ್ಬ ಹುಡುಗ ಪಾಠದ ಹೊತ್ತಿನಲ್ಲಿ ಡೆಸ್ಕಿನ ಕೆಳಗೆ ಇಟ್ಟುಕೊಂಡು ಓದುತ್ತಿದ್ದ. ಕಸಿದುಕೊಂಡೆ. ಸಂಜೆ ಕೊಡೋಣ ಅಂತ ಚೀಲಕ್ಕೆ ಹಾಕಿ ಮರೆತೆ. ರಾತ್ರಿ ಮಳೆಗೆ ಕರೆಂಟು ಹೋಯಿತು. ಮೇಣದಬತ್ತಿ ಹಚ್ಚಿಕೊಂಡು ಸುಮ್ನೆ ಒಂದು ಪುಟ ತಿರುಗಿಸಿದೆ. ಹುಡುಗನಿಗೆ ಪುಸ್ತಕ ವಾಪಸ್ ಸಿಕ್ಕಿದ್ದು ಮೂರು ದಿನದ ಮೇಲೆ. ಅವನು ಕೇಳಿದ್ದು ಒಂದೇ ಮಾತು: ‘ಸರ್, ಎಲ್ಲಿವರೆಗೆ ಬಂತು?’

ಹಾಗಾಗಿ ಓದಲು ಬಿಡಬಹುದೇ ಅಂದರೆ, ಧಾರಾಳವಾಗಿ ಬಿಡಿ. ಆದರೆ ನಿಮ್ಮ ಮಾವನವರ ಸಿಟ್ಟನ್ನು ‘ಹಳೇ ಕಾಲದವರು’ ಅಂತ ತಳ್ಳಿಹಾಕಬೇಡಿ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧಕ್ಕೆ ಉತ್ತರ ಅವರ ಹತ್ತಿರವೇ ಇದೆ. ಅವರು ತಾಳಮದ್ದಲೆ ಕೇಳಿದವರಾಗಿದ್ದರೆ ಕೆಲಸ ಇನ್ನೂ ಸುಲಭ.

ಪುಸ್ತಕ ಓದದವರಿಗಾಗಿ ಕಥೆಯ ಬುಡ ಇಷ್ಟು. ಗ್ರೀಕ್ ದೇವರುಗಳು ಈಗಲೂ ಇದ್ದಾರೆ, ಅಮೆರಿಕಕ್ಕೆ ಬಂದು ನೆಲೆಸಿದ್ದಾರೆ. ಹಳೇ ಚಾಳಿ ಬಿಟ್ಟಿಲ್ಲ. ಮನುಷ್ಯರ ಜೊತೆ ಮಕ್ಕಳಾಗುತ್ತವೆ, ಆಮೇಲೆ ಆ ಮಕ್ಕಳ ಕಡೆ ತಿರುಗಿ ನೋಡುವುದಿಲ್ಲ. ಪರ್ಸಿ ಅಂಥ ಒಬ್ಬ ಹುಡುಗ. ಹನ್ನೆರಡು ವರ್ಷ. ನ್ಯೂಯಾರ್ಕಿನಲ್ಲಿ ಅಮ್ಮನ ಜೊತೆ, ಒಬ್ಬ ಕೆಟ್ಟ ಮಲತಂದೆಯ ಮನೆಯಲ್ಲಿ ಇರುತ್ತಾನೆ. ಹೆತ್ತ ಅಪ್ಪ ಸಮುದ್ರದ ದೇವರು ಪೊಸೈಡನ್ ಅಂತ ಅವನಿಗೆ ಗೊತ್ತಾಗುವ ಹೊತ್ತಿಗೆ ಅರ್ಧ ಡಜನ್ ರಾಕ್ಷಸರು ಬೆನ್ನಟ್ಟಿರುತ್ತಾರೆ. ದೇವರ ಮಕ್ಕಳಿಗಾಗಿಯೇ ಲಾಂಗ್ ಐಲೆಂಡಿನಲ್ಲಿ ಒಂದು ಶಿಬಿರ ಇದೆ. ಅಲ್ಲಿ ಪ್ರತಿ ದೊಡ್ಡ ದೇವರ ಹೆಸರಿನಲ್ಲಿ ಒಂದೊಂದು ಕ್ಯಾಬಿನ್. ನಿಮ್ಮ ಮಗಳು ಗೋಡೆ ಮೇಲೆ ಬರೆದದ್ದು ಆ ಲೆಕ್ಕ.

ಬರೆದವರು ಟೆಕ್ಸಾಸಿನ ರಿಕ್ ರಿಯೊರ್ಡನ್. ಅವರೂ ಶಾಲೆಯ ಮೇಷ್ಟ್ರಾಗಿದ್ದವರು, ನನ್ನ ಪಕ್ಷಪಾತಕ್ಕೆ ಅದೂ ಒಂದು ಕಾರಣ ಇರಬಹುದು. ಅವರ ಮಗನಿಗೆ ಡಿಸ್ಲೆಕ್ಸಿಯಾ ಮತ್ತು ಎಡಿಎಚ್‌ಡಿ ಇತ್ತು. ಅಂದರೆ ಅಕ್ಷರ ಕೂಡಿಸಿ ಓದುವುದು ಕಷ್ಟ, ಒಂದು ಕಡೆ ಕೂರುವುದು ಇನ್ನೂ ಕಷ್ಟ. ಅವನಿಗೆ ಮಲಗುವಾಗ ಗ್ರೀಕ್ ಕಥೆ ಹೇಳುತ್ತಿದ್ದರು. ಇದ್ದ ಕಥೆಯೆಲ್ಲ ಮುಗಿದಾಗ ಹೊಸದು ಹೇಳು ಅಂತ ಹಟ ಹಿಡಿದ. ಆಗ ಹುಟ್ಟಿದವನು ಪರ್ಸಿ. ಆ ಮಗನಿಗಿದ್ದ ಎರಡು ತೊಂದರೆಯೂ ಪರ್ಸಿಗೆ ಇದೆ. ಆದರೆ ಪುಸ್ತಕದಲ್ಲಿ ಅದಕ್ಕೆ ಬೇರೆಯೇ ಕಾರಣ. ಇಂಗ್ಲಿಷ್ ಅಕ್ಷರ ಕಣ್ಣ ಮುಂದೆ ಕುಣಿಯುವುದು ಇವನ ಮಿದುಳು ಹಳೇ ಗ್ರೀಕ್ ಭಾಷೆಗೆ ಹೊಂದಿಕೊಂಡದ್ದಕ್ಕೆ. ಕೂತಲ್ಲಿ ಕೂರದಿರುವುದು ಯುದ್ಧದಲ್ಲಿ ಪ್ರಾಣ ಉಳಿಸುವ ಚುರುಕಿಗೆ.

ಇದನ್ನು ಓದಿದಾಗ ನನಗೆ ಒಬ್ಬ ಹುಡುಗ ನೆನಪಾದ. ನನ್ನ ನೌಕರಿಯ ಶುರುವಿನ ವರ್ಷಗಳು. ಅವನಿಗೆ ಮ, ವ ಎರಡೂ ಒಂದೇ. ಪ, ಷ ಒಂದೇ. ಡಿಕ್ಟೇಷನ್ ಕೊಟ್ಟರೆ ಪುಟ ತುಂಬ ಕೆಂಪು ಗೆರೆ. ಬಾಯಲ್ಲಿ ಕೇಳಿದರೆ ಇಡೀ ಪಾಠ ಹೇಳುತ್ತಿದ್ದ. ನಾನು ಅವನನ್ನು ಸೋಮಾರಿ ಅಂತ ವರ್ಷವಿಡೀ ಹಿಂದಿನ ಬೆಂಚಿನ ಮೇಲೆ ನಿಲ್ಲಿಸಿದೆ. ಡಿಸ್ಲೆಕ್ಸಿಯಾ ಅನ್ನುವ ಶಬ್ದ ನಾನು ಕೇಳಿದ್ದೇ ಬಹಳ ವರ್ಷದ ನಂತರ. ಅಂಥ ಮಗುವಿಗೆ ‘ನೀನು ದಡ್ಡ ಅಲ್ಲ, ನಿನ್ನ ತಲೆ ಬೇರೆ ಥರ ಕಟ್ಟಿದ್ದು’ ಅಂತ ಹೇಳುವ ಸಾಹಸದ ಕಥೆ ನಾನು ಅಲ್ಲಿವರೆಗೆ ಓದಿರಲಿಲ್ಲ. ಈ ಒಂದು ಕಾರಣಕ್ಕೆ ಸರಣಿಯ ಹತ್ತು ತಪ್ಪನ್ನು ನಾನು ಮಾಫಿ ಮಾಡುತ್ತೇನೆ. ತಪ್ಪುಗಳಿಗೆ ಆಮೇಲೆ ಬರುತ್ತೇನೆ.

ಈಗ ಅಜ್ಜನ ಮಾತಿಗೆ ಬರೋಣ. ದೇವರನ್ನು ಲೇವಡಿ ಮಾಡುತ್ತಾರೆ ಅನ್ನುವುದು ನಿಜ. ಮದ್ಯದ ದೇವರು ಡಯೊನೈಸಸ್‌ನನ್ನು ಶಿಕ್ಷೆಯಾಗಿ ಆ ಶಿಬಿರದ ಮೇಲ್ವಿಚಾರಕನನ್ನಾಗಿ ಕೂರಿಸಿದ್ದಾರೆ. ಮದ್ಯ ಮುಟ್ಟುವ ಹಾಗಿಲ್ಲ, ಡಯಟ್ ಕೋಕ್ ಕುಡಿಯುತ್ತ ಮಕ್ಕಳ ಹೆಸರನ್ನು ಬೇಕಂತಲೇ ತಪ್ಪಾಗಿ ಕರೆಯುತ್ತಾನೆ. ದೇವರುಗಳ ರಾಜ ಜೀಯಸ್‌ಗೆ ತನ್ನ ಸಿಂಹಾಸನದ್ದೇ ಚಿಂತೆ. ಇದರಲ್ಲಿ ನಮಗೆ ಹೊಸದೇನಿದೆ ಹೇಳಿ? ಯಕ್ಷಗಾನದ ಆಟದಲ್ಲಿ ದೇವೇಂದ್ರನ ಪಾಡು ಏನಾಗಿರುತ್ತದೆ? ಯಾರೋ ಎಲ್ಲೋ ತಪಸ್ಸಿಗೆ ಕೂತರೂ ಅವನಿಗೆ ನಡುಕ. ಹಾಸ್ಯಗಾರನ ಬಾಯಿಗೆ ಸಿಕ್ಕರೆ ಯಮನ ದೂತರಿಗೂ ಬಿಡುಗಡೆ ಇಲ್ಲ. ಬೆಳಗಿನ ಜಾವದವರೆಗೆ ಕೂತು ನಕ್ಕವರು ನಾವೇ ಅಲ್ವಾ?

ಲೇವಡಿಗಿಂತ ದೊಡ್ಡದು ದೂರು. ಈ ಸರಣಿ ಮಕ್ಕಳನ್ನು ಹಿಡಿದಿಡುವುದು ಕತ್ತಿ ಕಾಳಗದಿಂದ ಅಂತ ಬಹಳ ಜನ ತಿಳಿಯುತ್ತಾರೆ. ಐದೂ ಪುಸ್ತಕ ಒಟ್ಟಿಗೆ ಓದಿದರೆ ಒಳಗಿನ ಎಳೆ ಬೇರೆ ಕಾಣುತ್ತದೆ. ಅದು ಹೆತ್ತವರು ಒಪ್ಪಿಕೊಳ್ಳದ ಮಕ್ಕಳ ದೂರು. ಶಿಬಿರಕ್ಕೆ ಬಂದ ಮಗುವನ್ನು ‘ಇದು ನನ್ನದು’ ಅಂತ ದೇವರು ಗುರುತು ಕೊಟ್ಟು ಒಪ್ಪಿಕೊಳ್ಳಬೇಕು. ಪರ್ಸಿಯ ತಲೆ ಮೇಲೆ ಹಸಿರು ತ್ರಿಶೂಲ ಹೊಳೆಯಿತಲ್ಲ, ಹಾಗೆ. ಎಷ್ಟೋ ಮಕ್ಕಳಿಗೆ ಆ ಗುರುತು ಬರುವುದೇ ಇಲ್ಲ. ಅವರೆಲ್ಲ ಹನ್ನೊಂದನೇ ಕ್ಯಾಬಿನ್ನಿನಲ್ಲಿ, ಹರ್ಮಿಸ್‌ನ ಮನೆಯಲ್ಲಿ, ನೆಲದ ಮೇಲೆ ಚಾಪೆ ಜಾಗಕ್ಕೆ ಒತ್ತಿಕೊಂಡು ಮಲಗುತ್ತಾರೆ. ವರ್ಷಗಟ್ಟಲೆ ಕಾಯುತ್ತಾರೆ.

ಆ ಕ್ಯಾಬಿನ್ನಿನ ಹಿರಿಯ ಲೂಕ್. ಹರ್ಮಿಸ್‌ನ ಸ್ವಂತ ಮಗ. ಕಥೆಯ ಖಳನೂ ಅವನೇ. ನಿಮ್ಮ ಮಗಳು ಐದೂ ಓದಿದ್ದಾಳೆ, ಹಾಗಾಗಿ ಗುಟ್ಟು ಹೇಳುವುದರಲ್ಲಿ ತೊಂದರೆ ಇಲ್ಲ. ನಿಮಗೆ ಓದುವ ಮನಸ್ಸಿದ್ದರೆ ಈ ಪ್ಯಾರಾ ಹಾರಿಸಿ. ಐದನೇ ಪುಸ್ತಕದಲ್ಲಿ ಪರ್ಸಿ ಲೂಕ್‌ನ ಅಮ್ಮನ ಮನೆಗೆ ಹೋಗುತ್ತಾನೆ. ಆಕೆಗೆ ಬುದ್ಧಿ ಸ್ಥಿಮಿತದಲ್ಲಿಲ್ಲ. ಮಗ ಮನೆ ಬಿಟ್ಟು ಓಡಿಹೋಗಿ ಎಷ್ಟೋ ವರ್ಷವಾಗಿದೆ. ಇವತ್ತು ಬರುತ್ತಾನೆ ಅಂತ ದಿನಾ ಸ್ಯಾಂಡ್‌ವಿಚ್ ಮಾಡಿಡುತ್ತಾಳೆ, ಬಿಸ್ಕತ್ತು ಸುಡುತ್ತಾಳೆ. ಹಳೆಯದನ್ನು ಎಸೆದಿಲ್ಲ. ಅಡುಗೆಮನೆ ತುಂಬ ಬೂಸ್ಟು ಹಿಡಿದ ರಾಶಿ. ಬಾಗಿಲಲ್ಲಿ ನಿಂತ ಪರ್ಸಿಯನ್ನೇ ಮಗ ಅಂದುಕೊಳ್ಳುತ್ತಾಳೆ. ಈ ನಾಲ್ಕಾರು ಪುಟಕ್ಕೆ ಸಾಟಿಯಾದದ್ದು ರಿಯೊರ್ಡನ್ ಆಮೇಲೆ ಬರೆದ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಇಲ್ಲಿ ತಮಾಷೆ ನಿಲ್ಲುತ್ತದೆ. ಲೂಕ್ ಯಾಕೆ ದೇವರುಗಳಿಗೆ ತಿರುಗಿಬಿದ್ದ ಅಂತ ಓದುವ ಮಗುವಿಗೆ ಯಾರೂ ಹೇಳಬೇಕಾಗಿಲ್ಲ.

ನಿಮ್ಮ ಮಾವನವರಿಗೆ ಇಷ್ಟು ಹೇಳಿ ಸುಮ್ಮನೆ ಕೂರಿ. ಕರ್ಣ ಅನ್ನುವ ಹೆಸರು ಅವರ ಬಾಯಿಂದಲೇ ಬರುತ್ತದೆ.

‘ಕರ್ಣಭೇದನ’ ಪ್ರಸಂಗದಲ್ಲಿ ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳುತ್ತಾನೆ. ನೀನು ಸೂತನ ಮಗ ಅಲ್ಲ, ಕುಂತಿಯ ಹಿರಿಮಗ, ಬಂದರೆ ಸಿಂಹಾಸನ ನಿನ್ನದು ಅನ್ನುತ್ತಾನೆ. ಅರ್ಥಧಾರಿಗೆ ಇದಕ್ಕಿಂತ ಕಷ್ಟದ ಜಾಗ ಕಡಿಮೆ. ನಾನು ಕರ್ಣನ ಅರ್ಥ ಹೇಳಿದ್ದೇನೆ. ಪ್ರತಿ ಸಲ ಬೇರೆ ಉತ್ತರ ಬಾಯಿಗೆ ಬಂದಿದೆ. ಒಮ್ಮೆ ಸಿಟ್ಟು, ಒಮ್ಮೆ ಅಳು, ಒಮ್ಮೆ ಬರೀ ನಗು. ‘ಇಷ್ಟು ದಿನ ಎಲ್ಲಿದ್ದಿರಿ?’ ಅನ್ನುವುದೊಂದು ಮಾತ್ರ ಎಲ್ಲ ಸಲವೂ ಬರುತ್ತದೆ. ಲೂಕ್ ತನ್ನ ಅಪ್ಪನಿಗೆ ಕೇಳುವುದೂ ಅದನ್ನೇ. ಒಬ್ಬನಿಗೆ ಆಸರೆ ಕೊಟ್ಟವನು ದುರ್ಯೋಧನ, ಇನ್ನೊಬ್ಬನಿಗೆ ದೇವರುಗಳ ಹಳೇ ಶತ್ರು ಕ್ರೋನಸ್. ಮನೆಯವರು ಕೊಡದ ಜಾಗವನ್ನು ಶತ್ರು ಕೊಟ್ಟ.

ಬಭ್ರುವಾಹನನ ಕಥೆಯಂತೂ ಇನ್ನೂ ಹತ್ತಿರ. ಅಪ್ಪ ಬಂದಿದ್ದಾನೆ ಅಂತ ಯಜ್ಞದ ಕುದುರೆ, ಕಾಣಿಕೆ ಎಲ್ಲ ಹಿಡಿದುಕೊಂಡು ಮಗ ಕಾಲಿಗೆ ಬೀಳುತ್ತಾನೆ. ಅರ್ಜುನ ‘ನೀನು ನನ್ನ ಮಗನೇ ಅಲ್ಲ’ ಅಂತ ಹೀಯಾಳಿಸುತ್ತಾನೆ. ಮುಂದೆ ಅಪ್ಪ ಮಗನ ಕಾಳಗ. ಅಪ್ಪ ಬೀಳುತ್ತಾನೆ. 1977ರ ಸಿನಿಮಾದಲ್ಲಿ ರಾಜ್‌ಕುಮಾರ್ ಅಪ್ಪ, ಮಗ ಎರಡೂ ಪಾತ್ರ ಮಾಡಿದ್ದನ್ನು ನೋಡದ ಕನ್ನಡಿಗರು ಕಡಿಮೆ. ನಮ್ಮ ಕಡೆ ಇದು ಆಟದಲ್ಲೂ ಜನ ಸೇರಿಸುವ ಪ್ರಸಂಗ. ನಿಮ್ಮ ಮಗಳಿಗೆ ಈ ಕಥೆ ಗೊತ್ತೇ? ಗೊತ್ತಿಲ್ಲದಿದ್ದರೆ ಪರ್ಸಿ ಅದಕ್ಕೆ ಅಡ್ಡ ಬಂದಿದ್ದಲ್ಲ. ಹೇಳುವವರು ಹೇಳಲಿಲ್ಲ ಅಷ್ಟೇ. ಅಜ್ಜನ ಸಿಟ್ಟಿನಲ್ಲಿ ಅರ್ಧ ಸತ್ಯ ಇದೆ ಅಂದೆನಲ್ಲ, ಅದು ಇದೇ.

ಪರ್ಸಿಯ ಕಥೆ ಕರ್ಣನಿಂದ ಬೇರೆಯಾಗುವ ಜಾಗವೂ ಇದೆ. ನನಗೆ ಅದು ಬಹಳ ಇಷ್ಟ. ಲೂಕ್ ಕೊನೆಗೆ ತನ್ನ ಪ್ರಾಣ ಕೊಟ್ಟು ಕ್ರೋನಸ್‌ನನ್ನು ತಡೆಯುತ್ತಾನೆ. ಸಾಯುವಾಗ, ಒಪ್ಪಿಕೊಳ್ಳದೆ ಬಿಟ್ಟ ಮಕ್ಕಳಿಗೆ ಇನ್ನೊಮ್ಮೆ ಹೀಗೆ ಆಗಬಾರದು ಅಂತ ಪರ್ಸಿಯನ್ನು ಕೇಳಿಕೊಳ್ಳುತ್ತಾನೆ. ಯುದ್ಧ ಗೆದ್ದ ಪರ್ಸಿಗೆ ದೇವರುಗಳು ಅಮರನಾಗು ಅಂತ ವರ ಕೊಡಲು ಬರುತ್ತಾರೆ. ಅವನು ಬೇಡ ಅನ್ನುತ್ತಾನೆ. ಬದಲಿಗೆ, ಹದಿಮೂರು ವರ್ಷದೊಳಗೆ ಎಲ್ಲ ಮಕ್ಕಳನ್ನೂ ಒಪ್ಪಿಕೊಳ್ಳುತ್ತೇವೆ ಅಂತ ಆಣೆ ಇಡಿ ಅನ್ನುತ್ತಾನೆ. ಸಣ್ಣ ಪುಟ್ಟ ದೇವರ ಮಕ್ಕಳಿಗೂ ಶಿಬಿರದಲ್ಲಿ ಮನೆ ಕಟ್ಟಿಸಿ ಅನ್ನುತ್ತಾನೆ. ಹದಿನಾರು ವರ್ಷದ ಹುಡುಗ ಸ್ವರ್ಗದ ಸಭೆಯಲ್ಲಿ ನಿಂತು ಹಾಸ್ಟೆಲ್ ರೂಮಿನ ಬೇಡಿಕೆ ಇಡುವ ಹಾಗಿದೆ. ನಗು ಬರುತ್ತದೆ, ಗಂಟಲೂ ಕಟ್ಟುತ್ತದೆ.

ಇನ್ನು ದೇವರನ್ನು ಮಕ್ಕಳು ಪ್ರಶ್ನೆ ಮಾಡುವುದು ಸರಿಯೇ ಅಂತ ಮಾವನವರು ಕೇಳಿದರೆ, ವಾಲಿಯನ್ನು ನೆನಪಿಸಿ. ಮರದ ಮರೆಯಿಂದ ಯಾಕೆ ಹೊಡೆದೆ ಅಂತ ಬಾಣ ನೆಟ್ಟ ಎದೆಯಿಂದ ವಾಲಿ ರಾಮನನ್ನು ಕೇಳುತ್ತಾನೆ. ಆ ಒಂದು ಪ್ರಶ್ನೆಯ ಮೇಲೆ ಮೂರು ತಾಸು ವಾದ ನಡೆದದ್ದನ್ನು ನಾನು ಕೇಳಿದ್ದೇನೆ. ಭಾಗವತರು ಪದ ಮುಗಿಸಿ ತಾಳ ಕೆಳಗಿಟ್ಟು ಕೂತಿದ್ದರು. ಸಭೆಯಲ್ಲಿ ಯಾರಿಗೂ ರಾಮನ ಮೇಲಿನ ಭಕ್ತಿ ಕಡಿಮೆಯಾಗಿರಲಿಲ್ಲ. ವಾಲಿಯ ಅರ್ಥ ಹೇಳಿದವರೇ ಮರುದಿನ ಬೆಳಿಗ್ಗೆ ಎದ್ದು ರಾಮರಕ್ಷಾ ಸ್ತೋತ್ರ ಹೇಳುವವರು.

ನನ್ನ ಸಲಹೆ ಹೀಗೆ. ಮಳೆ ಹಿಡಿದು ಮೇಳಗಳ ತಿರುಗಾಟ ನಿಂತಾಗ ನಿಮ್ಮ ಸುತ್ತಮುತ್ತ ತಾಳಮದ್ದಲೆ ಆಗಿಯೇ ಆಗುತ್ತದೆ. ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಹೋಗಲಿ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಅರ್ಧ ಗಂಟೆಗೆ ಆಕಳಿಸುತ್ತಾಳೆ. ಅದಕ್ಕೂ ಮೊದಲು ಮನೆಯ ಜಗಲಿಯಲ್ಲೇ ಒಂದು ಆಗಲಿ. ಅಜ್ಜ ಕರ್ಣ, ಮೊಮ್ಮಗಳು ಲೂಕ್. ಯಾರ ದೂರು ದೊಡ್ಡದು ಅಂತ ವಾದ ಮಾಡಲಿ. ನಿಮ್ಮ ಮಗಳು ಗೆದ್ದರೆ ಆಶ್ಚರ್ಯ ಪಡಬೇಡಿ. ಪರ್ಸಿ ಓದಿದ ಮಕ್ಕಳಿಗೆ ಎದುರುತ್ತರ ಕೊಡುವುದು ಚೆನ್ನಾಗಿ ಬರುತ್ತದೆ, ಇದು ಸ್ವಂತ ಅನುಭವದ ಮಾತು.

ಅಥೀನಾಳ ಮಗಳು ಅಂತ ಬರೆದುಕೊಂಡ ಗೋಡೆಗೂ ಅಜ್ಜನ ಹತ್ತಿರ ಉತ್ತರ ಇದೆ. ಅಥೀನಾ ಮದುವೆಯಾಗದ ದೇವತೆ, ಮತ್ತೆ ಮಕ್ಕಳು ಹೇಗೆ? ಅವಳು ಹುಟ್ಟಿದ್ದೇ ಜೀಯಸ್‌ನ ತಲೆಯಿಂದ. ಅವಳ ಮಕ್ಕಳೂ ಹಾಗೇ ಅವಳ ಯೋಚನೆಯಿಂದ ಹುಟ್ಟಿದವರು ಅಂತ ರಿಯೊರ್ಡನ್ ದಾರಿ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಇದಕ್ಕೆ ಹೆಸರೇ ಇದೆ, ಮಾನಸಪುತ್ರರು. ನಾರದ ಬ್ರಹ್ಮನ ಮಾನಸಪುತ್ರ. ಲೋಟಸ್ ಕ್ಯಾಸಿನೋ ಪ್ರಸಂಗ ಅವಳಿಗೆ ಖಂಡಿತ ಇಷ್ಟವಾಗಿರುತ್ತದೆ. ಒಳಗೆ ಆಡಿದ್ದು ಸ್ವಲ್ಪ ಹೊತ್ತು, ಹೊರಗೆ ಐದು ದಿನ ಕಳೆದಿರುತ್ತದೆ. ಅದಕ್ಕೆ ರೇವತಿಯ ಅಪ್ಪನ ಕಥೆ ಹೇಳಿ. ಮಗಳಿಗೆ ಗಂಡು ಯಾರು ಅಂತ ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೆದಿತ್ತು, ಮುಗಿಯಲಿ ಅಂತ ಕಾದ. ಅಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದವು. ಮನಸ್ಸಿನಲ್ಲಿಟ್ಟುಕೊಂಡಿದ್ದ ಗಂಡುಗಳು ಯಾರೂ ಉಳಿದಿರಲಿಲ್ಲ. ಕೊನೆಗೆ ಬಲರಾಮನಿಗೆ ಕೊಟ್ಟು ಮದುವೆ ಮಾಡಿದ. ಸಂಗೀತ ಮುಗಿಯಲಿ ಅಂತ ಕಾದು ಮದುವೆ ತಪ್ಪಿಸಿಕೊಳ್ಳುವವರು ನಮ್ಮ ಕಡೆ ಈಗಲೂ ಇದ್ದಾರೆ ಬಿಡಿ.

ತಪ್ಪುಗಳಿಗೆ ಬರುತ್ತೇನೆ ಅಂದಿದ್ದೆ. ಮೊದಲನೆಯದು ಅಚ್ಚು. ಭವಿಷ್ಯವಾಣಿ, ಪ್ರಯಾಣ, ದಾರಿಯಲ್ಲಿ ಮೂರು ರಾಕ್ಷಸರು, ವಾಪಸ್ ಶಿಬಿರ. ಎರಡನೇ ಪುಸ್ತಕಕ್ಕೆ ಲಯ ಗೊತ್ತಾಗಿಬಿಡುತ್ತದೆ. ಮಕ್ಕಳಿಗೆ ಇದು ತೊಂದರೆಯೇ ಅಲ್ಲ, ನನ್ನಂಥವರಿಗೆ ಸ್ವಲ್ಪ ಜಾಸ್ತಿ ಆಗುತ್ತದೆ. ಎರಡನೆಯದು ನಿಜಕ್ಕೂ ಕಿರಿಕಿರಿ. ದೇವರುಗಳ ಮನೆ ಒಲಿಂಪಸ್ ಯಾಕೆ ಅಮೆರಿಕದಲ್ಲಿದೆ ಅಂದರೆ, ಪಶ್ಚಿಮದ ನಾಗರಿಕತೆಯ ಜ್ಯೋತಿ ಗ್ರೀಸಿನಿಂದ ರೋಮಿಗೆ, ಅಲ್ಲಿಂದ ಬೇರೆ ದೇಶಗಳಿಗೆ, ಈಗ ಅಮೆರಿಕಕ್ಕೆ ಬಂದಿದೆಯಂತೆ. ಯಾವ ದೇಶ ದೊಡ್ಡದೋ ಅಲ್ಲಿಗೆ ದೇವರು ಮನೆ ಬದಲಿಸುತ್ತಾರೆ! ಹೀಗೆ ಯಾರು ತೀರ್ಮಾನ ಮಾಡಿದರು ಅಂತ ನಿಮ್ಮ ಮಗಳನ್ನೇ ಕೇಳಿ. ಪುಸ್ತಕವನ್ನು ಪ್ರೀತಿಸುತ್ತಲೇ ಅದರ ಜೊತೆ ಜಗಳ ಮಾಡಲು ಕಲಿಯಲಿ.

ಆದರೆ ಊರಿನ ಮೇಲೆ ಪುರಾಣ ಹಾಸುವ ಅವರ ಜಾಣತನಕ್ಕೆ ನಾನು ಸೋತಿದ್ದೇನೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಇರುವುದು 102 ಮಹಡಿ. ಪುಸ್ತಕದಲ್ಲಿ ಲಿಫ್ಟು 600ನೇ ಮಹಡಿಗೆ ಹೋಗುತ್ತದೆ, ಅಲ್ಲಿ ಒಲಿಂಪಸ್. ಪಾತಾಳದ ಬಾಗಿಲು ಲಾಸ್ ಏಂಜಲೀಸಿನ ಒಂದು ರೆಕಾರ್ಡಿಂಗ್ ಸ್ಟುಡಿಯೋ. ನೋಡಿದವರನ್ನು ಕಲ್ಲು ಮಾಡುವ ರಾಕ್ಷಸಿ ಮೆಡೂಸಾ ಹೆದ್ದಾರಿ ಬದಿಯಲ್ಲಿ ಕಲ್ಲಿನ ಗೊಂಬೆ ಮಾರುತ್ತಾಳೆ, ಆ ಗೊಂಬೆಗಳು ಹಿಂದೆ ಗಿರಾಕಿಗಳಾಗಿದ್ದವರು. ಇದನ್ನು ಓದಿದ ಮಗು ತನ್ನ ಬೀದಿಯನ್ನೂ ಅನುಮಾನದಿಂದ ನೋಡಲು ಶುರುಮಾಡುತ್ತದೆ. ಕಾರವಾರದ ಕಡಲ ದಂಡೆಯಲ್ಲಿ ‘ಚಪಲ’ ಅನ್ನುವ ನೌಕಾಪಡೆಯ ಹಡಗನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರಲ್ಲ, ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಪುಸ್ತಕ ಕಸಿದುಕೊಂಡಿದ್ದೆ ಅಂದೆನಲ್ಲ, ಆ ಹುಡುಗ ಮೆಲ್ಲಗೆ ಕೇಳಿದ, ‘ಸರ್, ರಾತ್ರಿ ಇದನ್ನು ಸತ್ತ ನಾವಿಕರು ನಡೆಸುತ್ತಾರಾ?’ ಎರಡನೇ ಪುಸ್ತಕದಲ್ಲಿ ಅಂಥ ಹಡಗೊಂದು ಬರುತ್ತದೆ. ನಾನು ಇಲ್ಲ ಅನ್ನಲಿಲ್ಲ.

ನಮ್ಮ ಜಿಲ್ಲೆಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ರಾವಣ ಆತ್ಮಲಿಂಗ ತರುತ್ತಾನೆ, ಸಂಜೆ ಸಂಧ್ಯಾವಂದನೆಯ ಹೊತ್ತಿಗೆ ಗಣಪತಿ ಹುಡುಗನ ವೇಷದಲ್ಲಿ ಬಂದು ಅದನ್ನು ಹಿಡಿದುಕೊಳ್ಳುತ್ತಾನೆ, ಮೂರು ಸಲ ಕರೆದು ನೆಲಕ್ಕೆ ಇಟ್ಟುಬಿಡುತ್ತಾನೆ. ರಾವಣ ಎಳೆದ ರಭಸಕ್ಕೆ ಲಿಂಗ ಹಸುವಿನ ಕಿವಿಯ ಹಾಗೆ ತಿರುಚಿಕೊಂಡಿತು, ಅದು ಗೋಕರ್ಣ. ಸಿಟ್ಟಿನಲ್ಲಿ ಎಸೆದ ಬಟ್ಟೆ ಬಿದ್ದಲ್ಲಿ ಮುರ್ಡೇಶ್ವರ. ಉಳಿದ ತುಂಡುಗಳ ಲೆಕ್ಕದಲ್ಲಿ ಧಾರೇಶ್ವರ, ಗುಣವಂತೆ, ಕಾರವಾರದ ಕಡೆಯ ಸೆಜ್ಜೇಶ್ವರ. ಒಂದು ಸಿಟ್ಟಿಗೆ ಇಡೀ ಕರಾವಳಿಯ ನಕ್ಷೆ. ಬಸ್ಸಿನಲ್ಲಿ ಕೂತು ಒಂದೇ ದಿನ ಸುತ್ತಿ ಬರಬಹುದು. ರಿಯೊರ್ಡನ್ ಈ ಕಡೆ ಹುಟ್ಟಿದ್ದರೆ ಅವರಿಗೆ ಕೆಲಸವೇ ಇರುತ್ತಿರಲಿಲ್ಲ.

ಮುಂದೆ ಏನು ಓದಿಸುವುದು ಅನ್ನುವುದನ್ನು ಬೇಗ ಹೇಳುತ್ತೇನೆ. ಐದರ ನಂತರ ಅದೇ ಪಾತ್ರಗಳ ಎರಡನೇ ಸರಣಿ ‘ಹೀರೋಸ್ ಆಫ್ ಒಲಿಂಪಸ್’. 2010ರಿಂದ 2014ರವರೆಗೆ ಮತ್ತೆ ಐದು. ಇಲ್ಲಿ ರೋಮನ್ ದೇವರ ಮಕ್ಕಳೂ ಸೇರುತ್ತಾರೆ. ಪರ್ಸಿ ತಾನೇ ಕಥೆ ಹೇಳುವುದು ನಿಂತುಹೋಗಿದೆ, ಆ ತುಂಟ ದನಿ ಇಲ್ಲದೆ ನನಗೆ ಬಹಳ ಖಾಲಿ ಅನ್ನಿಸಿತು. ಆದರೂ ನಾಲ್ಕನೆಯದು, ಪರ್ಸಿ ಮತ್ತು ಅವನ ಗೆಳತಿ ಆನಬೆತ್ ಪಾತಾಳದ ತಳದಲ್ಲಿ ನಡೆಯುವ ಭಾಗ, ಬಹಳ ಚೆನ್ನಾಗಿದೆ. ಮೂರನೆಯದು ಅವರಿಬ್ಬರನ್ನು ಪ್ರಪಾತಕ್ಕೆ ಬೀಳಿಸಿ ಮುಗಿಯುತ್ತದೆ. ಆಗಿನ ಓದುಗರು ಮುಂದಿನದಕ್ಕೆ ಒಂದು ವರ್ಷ ಕಾದೆವು. ನಿಮ್ಮ ಮಗಳಿಗೆ ಆ ಹಿಂಸೆ ಇಲ್ಲ, ಎರಡನ್ನೂ ಒಟ್ಟಿಗೇ ತರಿಸಿ. ಐದನೆಯದು ಗಡಿಬಿಡಿ. ನಾಲ್ಕು ಪುಸ್ತಕದಿಂದ ಹೆದರಿಸಿಕೊಂಡು ಬಂದ ಭೂದೇವಿ ಗಾಯಾಳ ಕಾಳಗ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತದೆ. ನಾಲ್ಕನೆಯದರಲ್ಲಿ ನಿಕೊ ಅನ್ನುವ ಹುಡುಗ ತನಗೆ ಪರ್ಸಿಯ ಮೇಲೆ ಪ್ರೀತಿ ಇತ್ತು ಅಂತ ಒಪ್ಪಿಕೊಳ್ಳುವ ಸನ್ನಿವೇಶ ಬರುತ್ತದೆ. ತಾಯಿಯಾಗಿ ನಿಮಗೆ ಗೊತ್ತಿರಲಿ ಅಂತ ಹೇಳಿದೆ. ಮರ್ಯಾದೆಯಿಂದ ಬರೆದಿದ್ದಾರೆ. ಮಗಳು ಕೇಳಿದರೆ ಸಹಜವಾಗಿ ಮಾತಾಡಿ.

ನನ್ನ ಮೆಚ್ಚಿನದು ಮೂರನೇ ಸರಣಿ, ‘ಟ್ರಯಲ್ಸ್ ಆಫ್ ಅಪೋಲೊ’, 2016ರಿಂದ 2020. ಜೀಯಸ್ ಸಿಟ್ಟಿನಲ್ಲಿ ಸೂರ್ಯದೇವರು ಅಪೋಲೊನನ್ನು ಹದಿನಾರು ವರ್ಷದ, ಮೊಡವೆ ಮುಖದ, ಹೊಟ್ಟೆ ಬಂದ ಸಾಧಾರಣ ಹುಡುಗನನ್ನಾಗಿ ಮಾಡಿ ಭೂಮಿಗೆ ತಳ್ಳುತ್ತಾನೆ. ಕಥೆ ಹೇಳುವವನು ಅವನೇ. ತಾನು ಸಾವಿರಾರು ವರ್ಷ ಲಕ್ಷ್ಯ ಕೊಡದ ಮಕ್ಕಳ ಕ್ಯಾಬಿನ್ನಿನಲ್ಲೇ ಅವನು ಮಲಗಬೇಕು. ಮೊದಲ ಸರಣಿಯ ದೂರಿಗೆ ಆರೋಪಿಯನ್ನೇ ಕಟಕಟೆಗೆ ತಂದು ನಿಲ್ಲಿಸಿದ ಹಾಗೆ. ಮೂರನೇ ಪುಸ್ತಕದಲ್ಲಿ ಒಂದು ಪ್ರೀತಿಯ ಪಾತ್ರ ಸಾಯುತ್ತದೆ. ಆ ದಿನ ಮಗಳು ಊಟ ಬೇಡ ಅಂದರೆ ಕಾರಣ ಕೇಳಬೇಡಿ.

ಈಜಿಪ್ಟಿನ ದೇವರ ‘ಕೇನ್ ಕ್ರಾನಿಕಲ್ಸ್’ ಮೂರು ಪುಸ್ತಕ. ಅಣ್ಣ ತಂಗಿ ಸರದಿಯಲ್ಲಿ ಕಥೆ ಹೇಳುತ್ತ ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತಾರೆ, ಹೆಚ್ಚು ಹೇಳಲು ಇಲ್ಲ. ಉತ್ತರ ಯುರೋಪಿನ ದೇವರ ‘ಮ್ಯಾಗ್ನಸ್ ಚೇಸ್’ ಇನ್ನೆರಡು ವರ್ಷ ಬಿಟ್ಟು ಕೊಡಿ, ಹಾಸ್ಯ ಆಗ ಹೆಚ್ಚು ತಟ್ಟುತ್ತದೆ. 2023ರಲ್ಲಿ ಪರ್ಸಿ ಮತ್ತೆ ಬಂದ. ಕಾಲೇಜಿಗೆ ಸೇರಲು ಅವನಿಗೆ ದೇವರುಗಳಿಂದ ಮೂರು ಶಿಫಾರಸು ಪತ್ರ ಬೇಕು. ಪ್ರಪಂಚ ಉಳಿಸಿದವನಿಗೂ ಸೀಟಿಗೆ ಪರದಾಟ! ಮೊದಲ ಐದರ ಭಾರ ಇಲ್ಲ, ಮಳೆಗಾಲದ ಮಧ್ಯಾಹ್ನಕ್ಕೆ ಹಪ್ಪಳದ ಹಾಗೆ.

ಸಿನಿಮಾ ತೋರಿಸಬೇಡಿ. 2010 ಮತ್ತು 2013ರಲ್ಲಿ ಎರಡು ಬಂದವು. ಹನ್ನೆರಡರ ಹುಡುಗನನ್ನು ಹದಿಹರೆಯದ ಹೀರೋ ಮಾಡಿ ಕಥೆಯ ಬೆನ್ನು ಮುರಿದರು. ಲೇಖಕರೇ ಬೇಸರವನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಮೂರನೆಯದು ಬರಲೇ ಇಲ್ಲ. 2023ರ ಡಿಸೆಂಬರಿನಲ್ಲಿ ಶುರುವಾದ ವೆಬ್ ಸರಣಿ ಅದಕ್ಕಿಂತ ಎಷ್ಟೋ ವಾಸಿ, ಅದರಲ್ಲಿ ರಿಯೊರ್ಡನ್ ಸ್ವತಃ ಕೈ ಹಾಕಿದ್ದಾರೆ. ಮಕ್ಕಳ ವಯಸ್ಸು ಸರಿಯಾಗಿದೆ. ಪರ್ಸಿಯ ಗೆಳೆಯ ಗ್ರೋವರ್ ಪಾತ್ರ ಮಾಡಿದ ಆರ್ಯನ್ ಸಿಂಹಾದ್ರಿ ಭಾರತೀಯ ಮೂಲದ ಹುಡುಗ. ಒಂದೇ ಬೇಸರ, ಅಲ್ಲಿ ಮಕ್ಕಳಿಗೆ ಎಲ್ಲ ಮೊದಲೇ ಗೊತ್ತು. ಮೆಡೂಸಾ ಬಾಗಿಲು ತೆಗೆದ ಕೂಡಲೇ ಗುರುತು ಹಿಡಿಯುತ್ತಾರೆ. ಪುಸ್ತಕದಲ್ಲಿ ಹಸಿದ ಮಕ್ಕಳು ಅವಳು ಕೊಟ್ಟ ಬರ್ಗರ್ ತಿನ್ನುತ್ತ ಕೂತಿರುವಾಗ ನಮ್ಮ ಮೈ ಜುಮ್ಮೆನ್ನುತ್ತದಲ್ಲ, ಅದು ಇಲ್ಲಿ ಇಲ್ಲ.

ನೀವು ಕೇಳಿದ ‘ನಮ್ಮ ಪುರಾಣದ ಸರಣಿ’ ಬಹುಶಃ ‘ಆರು ಶಾ’. ರಿಯೊರ್ಡನ್‌ಗೆ ಬೇರೆ ದೇಶಗಳ ಪುರಾಣ ಬರೆಯಿರಿ ಅಂತ ಓದುಗರು ದುಂಬಾಲು ಬಿದ್ದಾಗ, ಆ ಕಥೆ ಕೇಳಿ ಬೆಳೆದವರೇ ಬರೆಯಲಿ ಅಂತ ತಮ್ಮ ಹೆಸರಿನಲ್ಲಿ ಒಂದು ಪ್ರಕಟಣೆಯ ಮಾಲೆ ಶುರುಮಾಡಿಸಿದರು. ಅದರ ಮೊದಲ ಪುಸ್ತಕ ಇದು, 2018ರಲ್ಲಿ ಬಂತು. ಬರೆದವರು ರೋಶನಿ ಚೋಕ್ಷಿ, ಒಟ್ಟು ಐದು ಪುಸ್ತಕ. ಅಟ್ಲಾಂಟಾದ ಮ್ಯೂಸಿಯಂ ಒಂದರಲ್ಲಿ ಬೆಳೆದ ಆರು ಸ್ವಲ್ಪ ಸುಳ್ಳುಬುರುಕಿ. ಸಹಪಾಠಿಗಳ ಮುಂದೆ ಜಂಬ ಕೊಚ್ಚಲು ಹಚ್ಚಬಾರದ ದೀಪ ಹಚ್ಚುತ್ತಾಳೆ, ಮಲಗಿದ್ದವನೊಬ್ಬ ಏಳುತ್ತಾನೆ. ಪಾಂಡವರ ಆತ್ಮ ಈಗ ಹುಡುಗಿಯರಲ್ಲಿದೆ. ಆರು ಅರ್ಜುನನ ಆತ್ಮದವಳು, ರೋಗದ ಭಯದಲ್ಲೇ ಬದುಕುವ ಮಿನಿ ಧರ್ಮರಾಯನ ಆತ್ಮದವಳು.

ನನಗೆ ಮೊದಲ ಪುಸ್ತಕ ಅರ್ಧ ಇಷ್ಟ. ಮಾತು ಚುರುಕು, ಅಪ್ಪನ ಪ್ರಶ್ನೆ ಅಲ್ಲೂ ಬರುತ್ತದೆ, ಅದನ್ನು ಬಿಚ್ಚಿ ಹೇಳುವುದಿಲ್ಲ. ಆದರೆ ಪ್ರತಿ ಪುಟಕ್ಕೂ ಒಂದು ಹೊಸ ದೇವರು, ಒಂದು ಹೊಸ ಅಸ್ತ್ರ. ಅಮೆರಿಕದ ಮಗುವಿಗೆ ಪರಿಚಯ ಮಾಡಿಸುವ ಅವಸರ. ನಿಂತು ವಾದ ಮಾಡಲು ಯಾರಿಗೂ ಪುರುಸೊತ್ತಿಲ್ಲ. ಭಾರತದ ಕಥೆ ಚೆನ್ನಾಗಿ ಗೊತ್ತಿರುವ ಮಗುವಿಗೆ ಇದು ಒಳ್ಳೇ ಆಟ, ಎಲ್ಲಿ ಏನು ಬದಲಾಯಿಸಿದ್ದಾರೆ ಅಂತ ಹುಡುಕಬಹುದು. ಗೊತ್ತಿಲ್ಲದ ಮಗು ಇದನ್ನೇ ಮೂಲ ಅಂದುಕೊಳ್ಳುವ ಅಪಾಯ ಇದೆ. ಹಾಗಾಗಿ ಮೊದಲು ಅಜ್ಜನ ಕಥೆ, ಆಮೇಲೆ ಆರು ಶಾ. ಭೀಮ ಹುಡುಗಿಯೇ ಅಂತ ಮಾವನವರು ಗುಡುಗಿದರೆ, ಇಷ್ಟು ವರ್ಷ ಅವರು ನೋಡಿ ಮೆಚ್ಚಿದ ದ್ರೌಪದಿಯರು ವೇಷ ಕಳಚಿದ ಮೇಲೆ ಯಾರಾಗಿದ್ದರು ಅಂತ ಮೆತ್ತಗೆ ಕೇಳಿ.

ಕೊನೆಗೆ ಒಂದು ಮನೆಗೆಲಸ, ನಿಮ್ಮ ಮಗಳಿಗೆ. ಯಾಣ ನಿಮ್ಮಲ್ಲಿಂದ ದೂರ ಇಲ್ಲ, ಶಿರಸಿಯಿಂದ ಸುಮಾರು 40 ಕಿಲೋಮೀಟರ್. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಬಂಡೆ ಕಪ್ಪಗಿರುವುದು ಭಸ್ಮಾಸುರ ಅಲ್ಲಿ ಸುಟ್ಟು ಬೂದಿಯಾದದ್ದಕ್ಕೆ ಅಂತ ಊರಿನವರು ಹೇಳುತ್ತಾರೆ. ಅಲ್ಲಿಗೆ ಅಜ್ಜನ ಜೊತೆ ಹೋಗಲಿ. ಬಂದ ಮೇಲೆ ಒಂದು ಕಥೆ ಬರೆಯಲಿ, ಪರ್ಸಿಯ ಹಾಗೆ ‘ನಾನು’ ಅಂತ ಶುರುಮಾಡಿ, ಭಸ್ಮಾಸುರನಿಗೆ ಹನ್ನೆರಡು ವರ್ಷದ ಮಗಳೊಬ್ಬಳು ಇದ್ದಿದ್ದರೆ ಅಂತ. ಬರೆದದ್ದನ್ನು ನನಗೂ ಕಳಿಸಿ. ಮಳೆ ಪೂರ್ತಿ ನಿಂತ ಮೇಲೇ ಹೊರಡಿ. ಈಗ ಹೋದರೆ ದಾರಿಯುದ್ದಕ್ಕೂ ಉಂಬಳ (ಜಿಗಣೆ), ಕಾಲಿಗೆ ಸುಣ್ಣ ಹಚ್ಚಿಕೊಂಡರೂ ಬಿಡುವುದಿಲ್ಲ.